ಅಕ್ಕನ ಮೌತ್ ಆರ್ಗನ್ನಿಗೆ ಸ್ನಾನ

ಕಳೆದ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಹೊಸಪೇಟೆಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಒಂದು ಸ್ಟೀಲ್ ಡಬರಿಯೊಳಗೆ, ಹಳೆಯ ಮೌತ್ ಆರ್ಗನ್ನೊಂದನ್ನು ಸಾಬೂನಿನ ನೀರಿನಲ್ಲಿ ಮುಳುಗಿಸಿ ಇಡಲಾಯಿತು. ಸಂಜೆ ನಾಲ್ಕಕ್ಕೆ ಅದನ್ನು ಹೊರತೆಗೆಯಲಾಯಿತು. ನಾಲ್ಕು ಗಂಟೆ ಐದು ನಿಮಿಷಕ್ಕೆ ಊದಿ ನೋಡಿದಾಗ ಅದು ನುಡಿಯಲಿಲ್ಲ.

‘ಇಡಲಾಯಿತು’, ‘ತೆಗೆಯಲಾಯಿತು’ ಎಂದು ಬರೆದುಕೊಂಡು ಬರುವ ಹೊಸ ವರದಿಗಾರರ ಪ್ರತಿಯನ್ನು ನಾನು ಇಷ್ಟು ವರ್ಷ ಕೆಂಪು ಪೆನ್ನಿನಿಂದ ಹೊಡೆದುಹಾಕಿದ್ದೇನೆ. ‘ಯಾರು ಇಟ್ಟರು, ಹೆಸರು ಬರಿ’ ಎಂದು ಗದರಿದ್ದೇನೆ. ಆದ್ದರಿಂದ ಬರೆಯುತ್ತೇನೆ. ಇಟ್ಟವನು ನಾನು. ತೆಗೆದವನೂ ನಾನು. ಮೌತ್ ಆರ್ಗನ್ ನನ್ನದಲ್ಲ, ನಮ್ಮ ಶಾಂತಕ್ಕನದು. ಕೇಳಿ ತೆಗೆದುಕೊಂಡದ್ದೂ ಅಲ್ಲ.

ಶಾಂತಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಕಂಪ್ಲಿ ತಾಲೂಕಿನ ಎಮ್ಮಿಗನೂರು ಕಡೆ, ಕಾಲುವೆಯ ಪಕ್ಕ, ಆಂಧ್ರದಿಂದ ಬಂದ ರೈತರು ನೆಲೆಸಿದ ಒಂದು ಕ್ಯಾಂಪಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಅದೇ ತಿಂಗಳ ಕೊನೆಗೆ ಅವಳ ನಿವೃತ್ತಿ. ಆ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಶುರುವಾಗುವುದು ಅವಳ ಮೌತ್ ಆರ್ಗನ್ನಿನಿಂದ. ಮೂವತ್ತು ಚಿಲ್ಲರೆ ವರ್ಷ ಹಾಗೆಯೇ ಶುರುವಾಗಿದೆ. ಕೊನೆಯ ದಿನದ ಪ್ರಾರ್ಥನೆಯನ್ನೂ ಅದರಲ್ಲೇ ಊದಿ ಮನೆಗೆ ಬರಬೇಕು ಎನ್ನುವುದೊಂದೇ ಅವಳು ಇಟ್ಟುಕೊಂಡಿದ್ದ ಆಸೆ. ಹಾರ ಬೇಡ, ಶಾಲು ಬೇಡ, ಭಾಷಣ ಬೇಡವೇ ಬೇಡ ಎಂದು ಮೊದಲೇ ಹೇಳಿಬಿಟ್ಟಿದ್ದಳು.

ಇನ್ನು ನನ್ನ ಸಿಟ್ಟಿನ ವಿಚಾರ. ಅದು ಸಾಬೂನಿನಿಂದ ಶುರುವಾಗುತ್ತದೆ.

ಹಂಪಿಯಲ್ಲಿ ಹೊಳೆಯ ಮೆಟ್ಟಿಲುಗಳ ಮೇಲೆ ಶಾಂಪೂ ಪ್ಯಾಕೆಟ್ಟುಗಳು ಬಿದ್ದಿರುವುದರ ಬಗ್ಗೆ ನಾನು ಎಷ್ಟು ಸಲ ಬರೆದಿದ್ದೇನೋ ನನಗೇ ಲೆಕ್ಕವಿಲ್ಲ. ಮೀಯುವವರು ಹಲ್ಲಿನಿಂದ ಪ್ಯಾಕೆಟ್ಟಿನ ಮೂಲೆ ಕಚ್ಚಿ ಹರಿದು, ಅದನ್ನು ಅಲ್ಲೇ ಉಗುಳಿ, ನೊರೆಯನ್ನು ತುಂಗಭದ್ರೆಗೆ ಬಿಟ್ಟು, ಅದೇ ನೀರನ್ನು ಬೊಗಸೆಯಲ್ಲಿ ಎತ್ತಿ ಸೂರ್ಯನಿಗೆ ಕೊಡುತ್ತಾರೆ. ನನ್ನ ವರದಿಗಳಿಂದ ಆದ ಪರಿಣಾಮ ಒಂದೇ: ಒಂದು ಮೆಟ್ಟಿಲ ಮೇಲೆ ಫಲಕ ಬಂತು, ಪ್ಯಾಕೆಟ್ಟುಗಳು ಅದರ ಪಕ್ಕದ ಮೆಟ್ಟಿಲಿಗೆ ಹೋದವು. ಹೀಗೆ ಬರೆದು ಸಾಕಾದವನು ಕನಿಷ್ಠ ತನ್ನ ಮನೆಯಿಂದಲಾದರೂ ನೊರೆ ಬಿಡಬಾರದು ಎಂದು ನಿರ್ಧರಿಸಿದ್ದು ತಪ್ಪೇ? ಹಂಪಿಗೆ ಹೋಗುವ ದಾರಿಯ ಒಂದು ಅಂಗಡಿಯಲ್ಲಿ ಆ ಸಾಬೂನು ಕಂಡಿತು. ಒಣಗಿದ ಬಾಳೆಲೆಯಲ್ಲಿ ಸುತ್ತಿ, ಸೆಣಬಿನ ದಾರ ಕಟ್ಟಿ, ಮೇಲೊಂದು ಚೀಟಿ ಅಂಟಿಸಿದ್ದರು. ಚೀಟಿಯ ಮೇಲೆ ಎಳೆ ಎಲೆಯ ಚಿತ್ರ. ‘ನೈಸರ್ಗಿಕ, ಪರಿಸರಸ್ನೇಹಿ. ಅಂಟವಾಳಕಾಯಿಯಿಂದ ತಯಾರಿಸಿದ್ದು. ಪಾತ್ರೆ, ಒಡವೆ, ವಾದ್ಯಗಳ ಶುದ್ಧಿಗೆ.’

ಅಂಟವಾಳಕಾಯಿ! ನಾವು ಕಂಪ್ಲಿಯಲ್ಲಿ ಬೆಳೆದವರು. ಭಾನುವಾರ ಬೆಳಿಗ್ಗೆ ಅಮ್ಮ ಆ ಕಾಯಿಯನ್ನು ಕಲ್ಲಿನಿಂದ ಜಜ್ಜಿ, ಬೀಜ ತೆಗೆದು, ಹಂಡೆಯ ಬಿಸಿನೀರು ಹಾಕಿ ಕಿವುಚುತ್ತಿದ್ದಳು. ಪಕ್ಕದ ಮನೆಯ ತೆಲುಗಿನವರು ಕುಂಕುಡುಕಾಯಿ ಎನ್ನುತ್ತಿದ್ದರು. ಯಾವ ಭಾಷೆಯಲ್ಲಿ ಕರೆದರೂ ಕಣ್ಣಿಗೆ ಹೋದರೆ ಒಂದೇ ಉರಿ. ನಾನು ಬಚ್ಚಲಿನಿಂದ ಬರಿಮೈಯಲ್ಲಿ ಬೀದಿಗೆ ಓಡಿದ್ದೂ, ಅಕ್ಕ ಚೊಂಬು ಹಿಡಿದು ಅಟ್ಟಿಸಿಕೊಂಡು ಬಂದದ್ದೂ ಆ ಓಣಿಯ ಹಿರಿಯರಿಗೆ ಇವತ್ತಿಗೂ ನೆನಪಿದೆ. ಆಗ ಅದನ್ನು ಯಾರೂ ನೈಸರ್ಗಿಕ ಎನ್ನಲಿಲ್ಲ. ಕಾಯಿ ಎನ್ನುತ್ತಿದ್ದರು. ಆ ಕಾಯಿಯನ್ನು ಬಿಟ್ಟು ನಾವು ಪ್ಯಾಕೆಟ್ಟಿಗೆ ಹೋದೆವು. ಈಗ ಅದು ಸೆಣಬಿನ ದಾರ ಕಟ್ಟಿಕೊಂಡು, ನಮಗೇ ಬುದ್ಧಿ ಹೇಳುವ ಚೀಟಿ ಅಂಟಿಸಿಕೊಂಡು ಗಾಜಿನ ಕಪಾಟಿನಲ್ಲಿ ಕುಳಿತಿದೆ. ನನಗೆ ಆಗಲೇ ಸಿಟ್ಟು ಬರಬೇಕಿತ್ತು. ಬರಲಿಲ್ಲ. ‘ವಾದ್ಯಗಳ ಶುದ್ಧಿಗೆ’ ಎಂಬ ಮಾತಿಗೆ ಮರುಳಾದೆ.

ಯಾಕೆಂದರೆ ಅಕ್ಕನ ಮೌತ್ ಆರ್ಗನ್ ನನ್ನ ಕಣ್ಣಿಗೆ ಚುಚ್ಚಲು ಶುರುವಾಗಿ ಬಹಳ ವರ್ಷವಾಗಿತ್ತು.

ಅವಳು ಅದನ್ನು ಕೊಂಡಿದ್ದು ಬಳ್ಳಾರಿಯಲ್ಲಿ ಟೀಚರ್ ಟ್ರೈನಿಂಗ್ ಮಾಡುವಾಗ. ಹಾರ್ಮೋನಿಯಂ ಕಲಿತಿದ್ದಳು. ಆದರೆ ಕೆಲಸ ಸಿಕ್ಕ ಕ್ಯಾಂಪಿನ ಶಾಲೆಯಲ್ಲಿ ಹಾರ್ಮೋನಿಯಂ ಇರಲಿಲ್ಲ. ಒಂದು ಕೊಡಿ ಎಂದು ಅರ್ಜಿ ಬರೆದಳು. ಮರುವರ್ಷ ಮತ್ತೆ ಬರೆದಳು. ಅರ್ಜಿ ಬರೆಯುವುದು ಅವಳಿಗೆ ಜೂನ್ ತಿಂಗಳ ಒಂದು ವ್ರತವಾಯಿತು. ಹೆಡ್‌ಮಾಸ್ಟರುಗಳು ಬದಲಾದರು, ಶಾಲೆಯ ಹೆಂಚು ಹೋಗಿ ಆರ್‌ಸಿಸಿ ಬಂತು, ಕಂಪ್ಯೂಟರ್ ಬಂತು, ಅದು ಕೆಟ್ಟು ಮೂಲೆ ಸೇರಿತು. ಹಾರ್ಮೋನಿಯಂ ಬರಲಿಲ್ಲ. ಈ ವಿಷಯ ಪತ್ರಿಕೆಯಲ್ಲಿ ಹಾಕುತ್ತೇನೆ ಎಂದರೆ, ‘ಬ್ಯಾಡ ತಮ್ಮಾ, ಆಮ್ಯಾಲ ಅವರು ತಂದು ಕೊಟ್ಟುಬಿಟ್ರ ಬಸ್ಸಿನಾಗ ಹೊತ್ಕೊಂಡು ತಿರುಗೋರು ಯಾರು?’ ಎನ್ನುತ್ತಿದ್ದಳು. ಮೌತ್ ಆರ್ಗನ್ ಅವಳ ಚೀಲದಲ್ಲಿ, ಊಟದ ಡಬ್ಬಿಯ ಪಕ್ಕದಲ್ಲಿ, ಕಂಪ್ಲಿಯಿಂದ ಬಸ್ಸು ಹತ್ತಿ ಇಳಿಯುತ್ತಿತ್ತು.

ಕ್ಯಾಂಪಿನ ಮಕ್ಕಳ ಮನೆಮಾತು ತೆಲುಗು. ಒಂದನೇ ಇಯತ್ತೆಗೆ ಬಂದಾಗ ಅವಕ್ಕೆ ಕನ್ನಡ ಪ್ರಾರ್ಥನೆಯ ಒಂದು ಶಬ್ದವೂ ತಿಳಿಯದು. ಅಕ್ಕ ಮೊದಲು ಶಬ್ದ ಕಲಿಸುತ್ತಿರಲಿಲ್ಲ. ಒಂದು ಅಕ್ಷರಕ್ಕೆ ಒಂದು ಸ್ವರ ಊದುವಳು, ಮಕ್ಕಳು ಅದರ ಹಿಂದೆ ಆ ಅಕ್ಷರ ಎನ್ನಬೇಕು. ಅವಳ ಶಾಲೆಯ ಕಟ್ಟಳೆ ಒಂದೇ: ಬಾಜಾ ಮುಂದೆ, ಬಾಯಿ ಹಿಂದೆ. ಬಾಜಾಕ್ಕಿಂತ ಮುಂದೆ ಓಡಿದವರು ಮತ್ತೆ ಮೊದಲಿನಿಂದ ಹೇಳಬೇಕು. ಒಂದು ದಿನ ಹೋಗಿ ನೋಡಿದ್ದೇನೆ. ನೂರು ಮಕ್ಕಳು ಆ ಪುಟ್ಟ ಡಬ್ಬಿಯ ಹಿಂದೆ ಸಾಲಾಗಿ ಬರುವುದನ್ನು ಕೇಳಿದರೆ, ನನ್ನಂಥ ಒಣ ಮನುಷ್ಯನಿಗೂ ಪೆನ್ನು ಕೆಳಗಿಡಬೇಕು ಎನಿಸುತ್ತದೆ.

ಆದರೆ ಆ ಡಬ್ಬಿಯ ಅವಸ್ಥೆ! ಸೀಮೆಸುಣ್ಣದ ಪುಡಿ, ಕ್ಯಾಂಪಿನ ಆಲೆಮನೆಯ ಮಸಿ, ಬಸ್ಸಿನ ಧೂಳು, ಊಟದ ಡಬ್ಬಿಯಿಂದ ಸೋರಿದ ಶೇಂಗಾ ಚಟ್ನಿಯ ಎಣ್ಣೆ. ಅವಳು ಮಾಡುತ್ತಿದ್ದ ಸ್ವಚ್ಛತೆ ಎಂದರೆ ಊದಿ ಮುಗಿದ ಮೇಲೆ ಅಂಗೈಗೆ ನಾಲ್ಕು ಸಲ ಬಡಿದು, ಸೆರಗಿನಿಂದ ಒರೆಸುವುದು.

ಆ ಭಾನುವಾರ ಸಂಬಂಧಿಕರ ಮದುವೆಗೆಂದು ಅಕ್ಕ ಹಿಂದಿನ ದಿನವೇ ನಮ್ಮ ಮನೆಗೆ ಬಂದಿದ್ದಳು. ಬೆಳಿಗ್ಗೆ ಚಹಾ ಕುಡಿಯುತ್ತ ವಿಷಯ ತೆಗೆದೆ.

‘ಅಕ್ಕಾ, ಇದನ್ನ ಒಂದ್ಸಲನಾದ್ರೂ ತೊಳಿದೀ ಏನು?’

‘ಯಾಕ? ಚಲೋ ಊದ್ತೈತಲ್ಲ.’

‘ಮೂವತ್ತು ವರ್ಷದ ಉಗುಳು ಐತಿ ಇದರಾಗ.’

‘ಐತಿ. ನನ್ನ ಉಗುಳು, ನನ್ನ ಬಾಯಿ. ನಡುವ ನಿಂದೇನಲೇ?’

‘ರೋಗ ಬರ್ತದ.’

‘ಬರೋದಾಗಿದ್ರ ಸರ್ವೀಸ್ನಾಗ ಬರ್ತಿತ್ತು. ಈಗ ಇನ್ನ ಮೂರು ವಾರ ಐತಿ, ಅದಕ್ಕೂ ಪುರಸೊತ್ತಿಲ್ಲ’ ಎಂದು ನಕ್ಕು, ಸೀರೆಯ ನೆರಿಗೆ ಸರಿಮಾಡಿಕೊಂಡು ಮದುವೆಗೆ ಹೊರಟಳು. ಮೌತ್ ಆರ್ಗನ್ ಮೇಜಿನ ಮೇಲೆ ಉಳಿಯಿತು. ನಾನೂ ಉಳಿದೆ. ಸಾಬೂನೂ ಇತ್ತು.

ಇಲ್ಲಿ ನನ್ನ ಮನೆತನದ ಒಂದು ದೋಷವನ್ನು ಹೇಳಬೇಕು. ನಮ್ಮಪ್ಪ ಕಂಪ್ಲಿಯ ಒಂದು ರೈಸ್‌ಮಿಲ್ಲಿನಲ್ಲಿ ಭತ್ತ ನೆನೆಸುವ ತೊಟ್ಟಿಗಳ ಉಸ್ತುವಾರಿ. ಭತ್ತವನ್ನು ಕುದಿಸುವ ಮೊದಲು ತೊಟ್ಟಿಯಲ್ಲಿ ನೆನೆಸಬೇಕು. ಆಗ ಕಾಳು ನೀರು ಕುಡಿದು ಉಬ್ಬುತ್ತದೆ, ಮಿಲ್ಲಿಗೆ ಹಾಕಿದಾಗ ಒಡೆಯುವುದಿಲ್ಲ. ಅಪ್ಪನ ಪ್ರಕಾರ ಲೋಕದ ಎಲ್ಲ ನಷ್ಟಕ್ಕೂ ಕಾರಣ ಅವಸರದಿಂದ ತೊಟ್ಟಿ ಖಾಲಿ ಮಾಡುವುದು. ಹುಳಿಬಂದ ಭತ್ತದ ವಾಸನೆ ಅವರ ಅಂಗಿಯಲ್ಲಿ, ನಮ್ಮ ಹಾಸಿಗೆಯಲ್ಲಿ, ನನ್ನ ಪುಸ್ತಕಗಳಲ್ಲಿ. ಮನೆಯಲ್ಲೂ ಅದೇ ನಿಯಮ. ಕೊಳೆ ಬಟ್ಟೆ ನೆನೆಹಾಕು, ಹೊಸ ಮಡಕೆ ನೆನೆಹಾಕು, ಹೊಸ ಹಗ್ಗ ನೆನೆಹಾಕು. ಒಂಬತ್ತನೇ ವಯಸ್ಸಿನಲ್ಲಿ ನಾನು ಓಣಿಯ ಹುಡುಗರದೊಂದು ಕೇರಂ ಬೋರ್ಡು ಜಿಡ್ಡಾಗಿದೆ ಎಂದು ಅಂಟವಾಳದ ನೀರಿಗೆ ಹಾಕಿ ಅರ್ಧ ದಿನ ಬಿಟ್ಟಿದ್ದೆ. ಅದು ಹೋಳಿಗೆಯ ಹಾಗೆ ಎದ್ದಿತ್ತು. ಪಾನು ಹೊಡೆದರೆ ಗುಡ್ಡ ಹತ್ತಿ ಇಳಿದು ಬರುತ್ತಿತ್ತು. ಆಗ ಬಿದ್ದ ಪೆಟ್ಟಿನಿಂದ ನಾನು ಕಲಿತದ್ದು, ಮುಂದಿನ ಸಲ ಬೇರೆಯವರ ಬೋರ್ಡು ಮುಟ್ಟಬಾರದು ಎಂದು ಮಾತ್ರ.

ಹೀಗಾಗಿ ಆ ಭಾನುವಾರ ಸಾಬೂನನ್ನು ತುರಿದು, ಉಗುರುಬೆಚ್ಚನೆಯ ನೀರಿನಲ್ಲಿ ಕರಗಿಸಿ, ಮೌತ್ ಆರ್ಗನ್ನನ್ನು ಮುಳುಗಿಸಿದೆ. ಗುಳುಗುಳು ಎಂದು ಗುಳ್ಳೆ ಎದ್ದವು. ನೀರು ಮೊದಲು ಬೂದು, ಆಮೇಲೆ ಕಂದು, ಆಮೇಲೆ ಚಹಾದ ಬಣ್ಣ. ನನಗೆ ಎಂಥ ಸಮಾಧಾನ! ನೊರೆಯಿಲ್ಲ, ಪ್ಯಾಕೆಟ್ಟಿಲ್ಲ, ಹೊಳೆಗೆ ಕೇಡಿಲ್ಲ. ಚೆನ್ನಾಗಿ ನೀರು ಕುಡಿಯಲಿ ಎಂದು ಏಳು ತಾಸು ಬಿಟ್ಟೆ.

ಮರ ನೀರು ಕುಡಿಯಿತು. ಮೇಲಿನ ತಗಡು, ಕೆಳಗಿನ ತಗಡು, ಅವುಗಳೊಳಗೆ ಎರಡು ಹಿತ್ತಾಳೆಯ ಪಟ್ಟಿ, ಎಲ್ಲದರ ನಡುವೆ ಹಣಿಗೆಯಂಥ ಒಂದು ಮರದ ತುಂಡು. ಮೌತ್ ಆರ್ಗನ್ ಎಂದರೆ ಇಷ್ಟೇ. ಉಬ್ಬಿದ ಮರ ಹಿತ್ತಾಳೆಯನ್ನು ಮೇಲಕ್ಕೆ ತಳ್ಳಿತ್ತು. ಹಣಿಗೆಯ ಹಲ್ಲುಗಳು ಹೊರಕ್ಕೆ ಬಂದು ನನ್ನ ಕೆಳತುಟಿಯನ್ನು ಗೀರಿದವು.

ಅಕ್ಕ ಐದೂವರೆಗೆ ಬಂದಳು. ಸಂಗತಿಯನ್ನು ಸಂಗತಿಯಾಗಿಯೇ ಹೇಳಿದೆ. ಅವಳು ಅದನ್ನು ತೆಗೆದುಕೊಂಡು ಮೂಸಿದಳು. ಊದಿದಳು. ತುಟಿ ಒರೆಸಿಕೊಂಡಳು.

‘ವಾಸನಿ ಚಲೋ ಬರಾಕತ್ತೈತಿ’ ಎಂದಳು.

ಬೈದಿದ್ದರೆ ಆಗುತ್ತಿತ್ತು. ನಾನು ಕಾಯುತ್ತಿದ್ದೆ. ಅವಳು ಬೈಯದೆ, ಅದನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಮದುವೆಯ ಊಟದ ವರ್ಣನೆ ಮಾಡತೊಡಗಿದಳು. ಬದನೆಕಾಯಿ ಎಣ್ಣೆಗಾಯಿಗೆ ಬಂದಾಗ ಮಾತು ನಿಲ್ಲಿಸಿ, ‘ನಾಳಿ ಪ್ರಾರ್ಥನಿ ಹೆಂಗಲೇ ಮಾಡ್ಸಲಿ?’ ಎಂದು ಕೇಳಿದಳು.

ಮರುದಿನ ಅವಳು ಬರಿಗೈಯಲ್ಲಿ ಶಾಲೆಗೆ ಹೋದಳು. ನಾನು ಸಾಬೂನಿನ ಅಂಗಡಿಗೆ ಹೋದೆ. ಅಂಗಡಿಯವನು ಜುಟ್ಟು ಕಟ್ಟಿದ, ಶಾಂತ ಮುಖದ ತರುಣ. ಕೋಪದಲ್ಲೂ ಪ್ರಶ್ನೆಗಳನ್ನು ಕ್ರಮವಾಗಿ ಕೇಳುವುದು ನನ್ನ ಅಭ್ಯಾಸ. ಆದರೆ ಅವನೇ ಕೇಳತೊಡಗಿದ.

‘ನೆನಿ ಹಾಕಿದ್ರಾ ಸರ್?’

‘ಹೌದು.’

‘ಎಷ್ಟೊತ್ತು?’

‘ಏಳು ತಾಸು.’

‘ಏಳು ತಾಸು ನೀರಾಗ ಇಟ್ರ ನೀವೂ ಉಬ್ತೀರಿ ಸರ್.’

‘ವಾದ್ಯಗಳ ಶುದ್ಧಿಗೆ ಅಂತ ನೀವೇ ಹಾಕಿದೀರಿ!’

‘ಶುದ್ಧಿ ಆಗಿಲ್ಲೇನ್ರಿ? ಸಾಬೂನೂ ನೈಸರ್ಗಿಕ, ಕಟಿಗೀನೂ ನೈಸರ್ಗಿಕ. ಉಬ್ಬಿದ್ದೂ ನೈಸರ್ಗಿಕನ ಐತಿ’ ಎಂದ. ಆಮೇಲೆ ಚೀಟಿಯನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದ. ಎಲೆಯ ಚಿತ್ರದ ತೊಟ್ಟಿನ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ವಾಕ್ಯವಿತ್ತು: ‘ಮರದ ಭಾಗಗಳನ್ನು ನೆನೆಸಬಾರದು.’

ಶೀರ್ಷಿಕೆ ಮಾತ್ರ ಓದಿ ಫೋನ್ ಮಾಡಿ ಜಗಳಕ್ಕೆ ಬರುವ ಓದುಗರ ಬಗ್ಗೆ ನಾನು ಆಫೀಸಿನಲ್ಲಿ ಎಷ್ಟೋ ಹಾಸ್ಯ ಮಾಡಿದ್ದೇನೆ. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆದರೂ ನನ್ನ ಸಿಟ್ಟು ಸಿಟ್ಟೇ. ‘ನೈಸರ್ಗಿಕ’ ಎನ್ನುವುದಕ್ಕೆ ಹೆಬ್ಬೆರಳ ಗಾತ್ರದ ಅಕ್ಷರ ಸಿಗುತ್ತದೆ. ಹಾಳಾಗುವುದನ್ನು ತಪ್ಪಿಸುವ ವಾಕ್ಯಕ್ಕೆ ಸಿಗುವುದು ಎಲೆಯ ನೆರಳು. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂಬ ಹೆಮ್ಮೆಯನ್ನು ಮುಂದೆ ಮಾರುತ್ತಾರೆ, ಹೇಗೆ ಮಾಡಬೇಕು ಎಂಬುದನ್ನು ಹಿಂದೆ ಅಡಗಿಸುತ್ತಾರೆ. ನಾನು ಕೊಂಡದ್ದು ಸಾಬೂನಲ್ಲ, ಆ ಹೆಮ್ಮೆ. ಅದನ್ನೇ ಕರಗಿಸಿ ಅಕ್ಕನ ವಾದ್ಯವನ್ನು ಮುಳುಗಿಸಿದೆ.

ಹೊಸದೊಂದನ್ನು ತರಿಸಿ ಅವಳಿಗೆ ಕೊಟ್ಟೆ. ಪ್ಲಾಸ್ಟಿಕ್ ಒಡಲಿನದು, ತಳತಳ ಹೊಳೆಯುವಂಥದು. ಅವಳು ಎರಡು ದಿನ ಶಾಲೆಗೆ ಒಯ್ದು ವಾಪಸು ತಂದಳು. ಅದರ ಶ್ರುತಿ ಏರು, ಸಣ್ಣ ಮಕ್ಕಳು ಕಿರುಚುತ್ತವೆ, ದೊಡ್ಡವು ನಗುತ್ತವೆ ಎಂದಳು. ‘ಇದು ಚಲೋನ ಐತಿ ತಮ್ಮಾ. ನೀ ಕಲಿ’ ಎಂದು ನನ್ನ ಕೈಯಲ್ಲೇ ಇಟ್ಟಳು.

ಹಳೆಯದನ್ನು ಹಿಡಿದುಕೊಂಡು ಸಂಡೂರಿಗೆ ಹೋದೆ. ಅಲ್ಲಿ ವೀರೇಶಪ್ಪ ಎಂಬ ಹಿರಿಯರಿದ್ದಾರೆ. ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದವರು, ಈಗ ಹಾರ್ಮೋನಿಯಂ ರಿಪೇರಿ ಮಾಡುತ್ತಾರೆ. ಬಸ್ಸಿನ ಮುಂದೆ ಅದಿರಿನ ಲಾರಿಗಳ ಸಾಲು. ಇಳಿಯುವಾಗ ನನ್ನ ಬಿಳಿ ಅಂಗಿ ಕೆಮ್ಮಣ್ಣಿನ ಬಣ್ಣಕ್ಕೆ ಬಂದಿತ್ತು. ವೀರೇಶಪ್ಪನವರ ಕಟ್ಟೆ, ಕಿಟಕಿ, ಎದುರಿನ ಬೇವಿನ ಗಿಡ, ಎಲ್ಲವೂ ಕೆಂಪು. ನಮ್ಮ ಗುಡ್ಡಗಳು ಹೀಗೆ ಪುಡಿಯಾಗಿ ಮನೆಮನೆಗೆ ಹಂಚಿಕೆಯಾಗುವ ಬಗ್ಗೆಯೂ ಬರೆದಿದ್ದೇನೆ. ಅದರ ಪರಿಣಾಮ ಹೇಳುವುದಿಲ್ಲ.

ವೀರೇಶಪ್ಪ ಕನ್ನಡಕ ಹಣೆಗೇರಿಸಿ ಮೌತ್ ಆರ್ಗನ್ನನ್ನು ಬೆಳಕಿಗೆ ಹಿಡಿದರು.

‘ಯಾರ್ರೀ ಇದಕ್ಕ ಎರೆದೋರು?’

‘ನಾನೇ. ನಮ್ಮಕ್ಕನ ಬಾಜಾ ಇದು.’

‘ಬಾಣಂತಿಗೆ ಎರೆದಂಗ ಎರೆದೀರಲ್ರೀ! ಧೂಪ ಒಂದು ಹಾಕಿಲ್ಲ.’

‘ನೈಸರ್ಗಿಕ ಸಾಬೂನು ಅಂತ…’

‘ಸಾಬೂನಿಗೆ ಯಾಕ ಬೈತೀರಿ? ನಾನೂ ಅಂಟವಾಳದಾಗನ ತೊಳಿಯೋದು. ಕುಂದ್ರಿ, ತೋರಸ್ತೀನಿ.’

ಅವರು ತೋರಿಸಿದ್ದನ್ನು ದೊಡ್ಡ ಅಕ್ಷರದಲ್ಲೇ ದಾಖಲಿಸುವುದು ನನ್ನ ಕರ್ತವ್ಯ. ಮೊದಲು ಒಣ ಕೊಳೆಯನ್ನು ಒಣಗಿರುವಾಗಲೇ ತೆಗೆಯಬೇಕು. ಮೆತ್ತನೆಯ ಬ್ರಷ್ಷಿನಿಂದ ಉದುರಿಸಬೇಕು. ಸಂಡೂರಿನ ಧೂಳಿಗೆ ನೀರು ತಾಕಿತೋ, ಅದು ಕೆಸರಾಗಿ ಗಾರೆಯ ಹಾಗೆ ಕೂರುತ್ತದೆ. ಆಮೇಲೆ ತಗಡು ಬಿಚ್ಚಿ, ಹಿತ್ತಾಳೆಯ ಪಟ್ಟಿಗಳನ್ನು ಮರದಿಂದ ಬೇರೆ ಮಾಡಬೇಕು. ಅಂಟವಾಳದ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಬಣ್ಣ ಹಚ್ಚುವ ಕುಂಚವನ್ನು ಅದರಲ್ಲಿ ಅದ್ದಿ, ಸ್ವರ ಹೊರಡಿಸುವ ಹಿತ್ತಾಳೆಯ ಸಣ್ಣ ನಾಲಿಗೆಗಳನ್ನು ಬುಡದಿಂದ ತುದಿಯ ಕಡೆಗೆ ಮಾತ್ರ ಸವರಬೇಕು. ತುದಿಯಿಂದ ಬುಡಕ್ಕೆ ಎಳೆದರೆ ನಾಲಿಗೆ ಎದ್ದುಬರುತ್ತದೆ. ಒಡನೆ ಬರಿ ನೀರಿನ ಕುಂಚ, ಒಡನೆ ಒಣ ಬಟ್ಟೆ, ಆಮೇಲೆ ನೆರಳು. ಮರಕ್ಕೆ ಒಣ ಬಟ್ಟೆಯೊಂದೇ. ನೀರಿನ ಹನಿಯೂ ಬೇಡ. ಇದಿಷ್ಟಕ್ಕೆ ಬೇಕಾದ ಅಂಟವಾಳ ಎರಡು ಕಾಯಿ.

‘ಅಕ್ಕಾರು ಒಳಗಿನ ಕೊಳಿ ಯಾಕ ತೊಳದಿದ್ದಿಲ್ಲ ಗೊತ್ತೇನ್ರಿ?’ ಎಂದು ವೀರೇಶಪ್ಪ ಕೇಳಿದರು.

‘ಯಾಕೆ?’

‘ಊದಾಕತ್ತಿತ್ತು, ಅದಕ್ಕ.’

ಮರ ನೆರಳಿನಲ್ಲಿ ತಾನಾಗಿ ಒಣಗಬೇಕು, ಬಿಸಿಲಿಗಿಟ್ಟರೆ ಸೀಳುತ್ತದೆ ಎಂದು ಹೇಳಿ ಅದನ್ನು ಅಲ್ಲೇ ಇರಿಸಿಕೊಂಡರು. ಹತ್ತು ದಿನ ಬಿಟ್ಟು ಹೋದೆ. ಹಲ್ಲುಗಳನ್ನು ಉಪ್ಪುಕಾಗದದಿಂದ ತೀಡಿ, ಪಟ್ಟಿಗಳನ್ನು ಮತ್ತೆ ಕೂರಿಸಿದ್ದರು. ಒಂದೊಂದಾಗಿ ಊದಿ ತೋರಿಸಿದರು. ನಡುವಿನ ಒಂದು ಸ್ವರದ ಹತ್ತಿರ ಬರಿ ಗಾಳಿ ಬಂತು. ಅದರ ನಾಲಿಗೆಯ ಬುಡಕ್ಕೆ ಮೊದಲೇ ಕಿಲುಬು ಹಿಡಿದಿತ್ತಂತೆ, ಮರ ಉಬ್ಬಿ ತಳ್ಳಿದಾಗ ಮುರಿದಿತ್ತು. ಹಾರ್ಮೋನಿಯಂನ ನಾಲಿಗೆ ಇದಕ್ಕೆ ದೊಡ್ಡದು. ಇದೇ ಶ್ರುತಿಯ ಬೇರೆ ಹಳೆಯ ಮೌತ್ ಆರ್ಗನ್ ಸಿಕ್ಕರೆ ಅದರಿಂದ ತೆಗೆದು ಹಾಕಬಹುದು ಎಂದರು. ಹೊಸಪೇಟೆಯಲ್ಲಿ, ಬಳ್ಳಾರಿಯಲ್ಲಿ ಹುಡುಕಿದೆ. ಸಿಗಲಿಲ್ಲ.

ಇನ್ನೊಂದು ವಾರ ಉಳಿದಿತ್ತು. ಅಕ್ಕನಿಗೆ ಒಯ್ದು ಕೊಟ್ಟೆ.

‘ಒಂದು ಸ್ವರ ಇಲ್ಲಕ್ಕಾ.’

ಅವಳು ಊದಿ, ಆ ಜಾಗಕ್ಕೆ ಬಂದು, ನಿಂತು, ದಾಟಿ, ಕೊನೆಯವರೆಗೂ ಹೋದಳು.

‘ಉಳಿದಾವೆಲ್ಲ ಅದಾವಲ್ಲ’ ಎಂದಳು. ‘ಮುಖ ಯಾಕ ಹಂಗ ಮಾಡ್ಕೊಂಡೀ? ಪೇಪರ್ನಾಗ ಒಂದು ಅಕ್ಷರ ಬಿದ್ದುಹೋದ್ರ ಪೇಪರ್ ಹಂಚೋದಿಲ್ಲೇನು ನೀವು?’

‘ಮರುದಿನ ತಿದ್ದುಪಡಿ ಹಾಕ್ತೀವಿ.’

‘ಹಾಕು ಹಂಗಾರ’ ಎಂದು ಅದನ್ನು ಚೀಲಕ್ಕೆ ಸೇರಿಸಿದಳು.

ಆ ವಾರದ ಮೊದಲ ದಿನ ಏನಾಯಿತೆಂದು ಅವಳೇ ಫೋನಿನಲ್ಲಿ ಹೇಳಿದಳು. ಎರಡನೇ ಸಾಲಿನಲ್ಲಿ ಆ ಸ್ವರ ಬರಬೇಕಾದ ಕಡೆ ಬರಲಿಲ್ಲ. ಮಕ್ಕಳು ಬಾಯಿ ತೆರೆದುಕೊಂಡು ನಿಂತುಬಿಟ್ಟರು. ಬಾಜಾ ಬರದೆ ಬಾಯಿ ಬರಬಾರದಲ್ಲ! ಅವಳು ಮುಂದಿನ ಸ್ವರ ಊದಿದಳು, ಮಕ್ಕಳು ಮುಂದಿನ ಅಕ್ಷರಕ್ಕೆ ಬಂದರು. ಮೂರನೇ ದಿನದ ಹೊತ್ತಿಗೆ ಎಲ್ಲರೂ ಒಟ್ಟಿಗೆ ನಿಲ್ಲುವುದನ್ನೂ ಒಟ್ಟಿಗೆ ಹೊರಡುವುದನ್ನೂ ಕಲಿತಿದ್ದರು. ‘ಆ ಅಕ್ಷರ ನುಂಗಬ್ಯಾಡ್ರೋ ಅಂದ್ರ ಕೇಳವಲ್ವು’ ಎಂದಳು. ‘ನೀವ ಹೇಳಿಕೊಟ್ಟೀರಲ್ಲ ಟೀಚರ್, ಅಂತ ನನಗ ತಿರುಗಿ ಹೇಳ್ತಾವ.’

ತಿಂಗಳ ಕೊನೆಯ ದಿನ ನಾನೂ ಹೋಗಿದ್ದೆ. ಹಾರ, ಶಾಲು, ಭಾಷಣ ಇರಲಿಲ್ಲ. ಅಕ್ಕ ಜಗಲಿಯ ಮೇಲೆ ನಿಂತು ಪ್ರಾರ್ಥನೆ ಊದಿದಳು. ಎರಡನೇ ಸಾಲಿನಲ್ಲಿ ಆ ಸ್ವರದ ಜಾಗಕ್ಕೆ ಬಂದಾಗ ಅಂಗಳ ಸದ್ದಿಲ್ಲದೆ ನಿಂತು ಮುಂದೆ ಹೋಯಿತು. ಕೊನೆಗೆ ಅವಳು ಮೌತ್ ಆರ್ಗನ್ನನ್ನು ಅಂಗೈಗೆ ನಾಲ್ಕು ಸಲ ಬಡಿದು, ಸೆರಗಿನಿಂದ ಒರೆಸಿ, ಹಾಜರಿ ತೆಗೆದುಕೊಳ್ಳಲು ಒಳಗೆ ಹೋದಳು.

ಈ ತಿಂಗಳ ಮೊದಲ ಸೋಮವಾರ ಆ ಶಾಲೆಗೆ ಹೊಸ ಟೀಚರು ಬಂದಿದ್ದಾರೆ. ಅವರು ಯಾವ ವಾದ್ಯವನ್ನೂ ನುಡಿಸುವುದಿಲ್ಲ. ಪ್ರಾರ್ಥನೆಯನ್ನು ತಾವೇ ಬಾಯಿಯಿಂದ ಹೇಳಿಕೊಡುತ್ತಾರೆ. ನಿನ್ನೆ ಅವರು ಅಕ್ಕನಿಗೆ ಫೋನ್ ಮಾಡಿದ್ದರು. ಎರಡನೇ ಸಾಲಿನಲ್ಲಿ ಒಂದು ಅಕ್ಷರದ ಹತ್ತಿರ ಮಕ್ಕಳೆಲ್ಲ ಒಮ್ಮೆಲೇ ನಿಲ್ಲುತ್ತಾರೆ, ಮತ್ತೆ ಒಮ್ಮೆಲೇ ಶುರುಮಾಡುತ್ತಾರೆ, ಇದು ಈ ಶಾಲೆಯ ಪದ್ಧತಿಯೇ ಎಂದು ಕೇಳಿದರು. ಅಕ್ಕ ಹೌದು ಎಂದಿದ್ದಾಳೆ.